ಒಂದು ಒತ್ತಕ್ಷರದ ಹಾಜರಿ

ನಿವೃತ್ತನಾಗಿ ವರ್ಷವಾಗುತ್ತ ಬಂತು, ಇನ್ನೂ ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಗ್ಗೆ ಮಿಲ್ಲಿನ ಸೈರನ್ ಕೂಗಿದರೆ ಕಾಲು ತಾನಾಗಿ ಚಪ್ಪಲಿ ಹುಡುಕುತ್ತದೆ. ಎರಡು ಸಲ ಅರ್ಧ ದಾರಿ ಹೋಗಿ, ಯಾರಾದರೂ ನೋಡಿದರೇನೋ ಎಂದು ನಾಚಿಕೊಂಡು ವಾಪಸ್ ಬಂದಿದ್ದೇನೆ. ಒಂದು ದಿನ ಮನೆಯವಳು ಬಚ್ಚಲ ಬಾಗಿಲು ಬಡಿದು, "ಏನ್ರೀ, ನೀರು ಹುಯ್ಕೊಳ್ತಾ ಇದೀರೋ, ಹಾಜರಿ ತಗೊಳ್ತಾ ಇದೀರೋ?" ಎಂದು ಕೇಳಿದಳು. ನಾನು ಸ್ನಾನ ಮಾಡುತ್ತ ಹೆಸರು ಕೂಗುತ್ತೇನೆ ಅಂತ ನನಗೆ ಗೊತ್ತಾದದ್ದೇ ಆವಾಗ. "ಲಕ್ಷ್ಮಮ್ಮ, ನಾರಾಯಣಪ್ಪ, ಎಲ್ಲಾ ಸರಿಯಾಗಿ ಕೂಗ್ತೀರ. ಮಧ್ಯ ಒಂದ್ಕಡೆ ನಿಂತುಬಿಡ್ತೀರಲ್ಲ, ಯಾಕೆ?" ಎಂದಳು. ಸೋಪು ಕಣ್ಣಿಗೆ ಹೋಯಿತು ಎಂದು ಸುಳ್ಳು ಹೇಳಿದೆ.

ಎಲ್ಲಿ ನಿಲ್ಲುತ್ತೇನೆ ಅಂತ ನನಗೆ ಗೊತ್ತು. ಹೊಸದಾಗಿ ಸೇರುವ ಸೂಪರ್‌ವೈಸರುಗಳಿಗೆ ಓದಿಸಲು ನಾಲ್ಕು ಪುಟ ಅನುಭವ ಬರೆದುಕೊಡಿ ಎಂದು ಮಿಲ್ಲಿನವರು ಕೇಳಿದ್ದಾರೆ. ಗೂಡು ಬೇಯಿಸುವ ಹದ, ಎಳೆಯ ದಪ್ಪ, ಬಾಯ್ಲರಿನ ಕಾಟ, ಇಂಥದ್ದನ್ನು ಬರೆಯಲಿ ಅಂತ ಅವರ ಆಸೆ. ಅದೂ ಇದರಲ್ಲಿ ಬರುತ್ತದೆ. ಆದರೆ ನಾನು ನಿಲ್ಲುವ ಆ ಜಾಗವನ್ನು ಬಿಟ್ಟು ಬರೆದರೆ ಈ ನಾಲ್ಕು ಪುಟಕ್ಕೆ ಅರ್ಥವಿಲ್ಲ.

ಶಿಡ್ಲಘಟ್ಟದಿಂದ ಮೇಲೂರಿಗೆ ಹೋಗುವ ರಸ್ತೆಯಲ್ಲಿ ನಮ್ಮದು ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಕಾರ್ಖಾನೆ. ನಾನು ಸೇರಿದಾಗ ಚರಕಗಳಿದ್ದವು. ಬಿಸಿನೀರಿನಲ್ಲಿ ಗೂಡು ಬೇಯಿಸಿ, ಎಳೆಯ ತುದಿ ಹುಡುಕಿ, ಏಳೆಂಟು ಗೂಡಿನ ಎಳೆ ಸೇರಿಸಿ ಒಂದು ನೂಲು ಮಾಡಬೇಕು. ನೀರು ಹೆಚ್ಚು ಕಾದರೆ ಗೂಡು ಕರಗುತ್ತದೆ, ಕಮ್ಮಿಯಾದರೆ ತುದಿ ಸಿಗುವುದಿಲ್ಲ. ಹದ ನೋಡುವುದು ಬೆರಳು ಅದ್ದಿ. ನನಗೆ ಬೆರಳು ಸುಟ್ಟುಕೊಳ್ಳುವ ಭಯ. ಮೇಲೆ ಏಳುವ ಹಬೆ ನೋಡಿಯೇ ಹದ ಹೇಳುತ್ತಿದ್ದೆ. ಸೇರಿದ ಮೊದಲ ತಿಂಗಳೇ ಒಂದು ಪೂರ್ತಿ ಲಾಟು ಗೂಡು ಬೆಂದು ಅಂಬಲಿಯಾಯಿತು.

ಯಜಮಾನರಾದ ಇನಾಯತ್ ಸಾಹೇಬರು ಆಗ ಇನ್ನೂ ಯುವಕರು. ಕೂಗಾಡಲಿಲ್ಲ. ಇಡೀ ದಿನ ನನ್ನನ್ನು ಬಾಣಲೆಯ ಪಕ್ಕ ನಿಲ್ಲಿಸಿದರು. ಸಂಜೆ ಹತ್ತಿರ ಬಂದು, "ಆಂಜಿನಪ್ಪ, ಬೆರಳು ಹಾಕದೆ ಹದ ಹೇಳೋನು ದೂರದಿಂದ ಕೆಲ್ಸ ಮಾಡೋನು. ಅಂಥೋನು ನಂಗೆ ಬೇಡ" ಅಂದರು. ಮಾರನೆಯ ದಿನದಿಂದ ಬೆರಳು ಹಾಕಿದೆ. ಚರ್ಮ ಸುಲಿಯಿತು, ಕೆಲಸ ಬಂತು.

ಎರಡನೆಯ ಪಾಠ ರಾಮಕ್ಕನದು. ಆಂಧ್ರದ ಗಡಿ ಕಡೆಯಿಂದ ಬಂದು ಚರಕ ಹಿಡಿದಿದ್ದ ಹೆಂಗಸು, ನನ್ನ ತಾಯಿಯ ವಯಸ್ಸು. ನನಗಿಂತ ಮೊದಲಿದ್ದ ಗುಮಾಸ್ತ ಹಾಜರಿ ಪುಸ್ತಕದಲ್ಲಿ ಹೆಂಗಸರ ಹೆಸರನ್ನೆಲ್ಲ ಮೊಟಕು ಮಾಡಿ ಬರೆದಿಟ್ಟಿದ್ದ. ನಾನು ಬರೆದದ್ದನ್ನು ಓದಿದೆ: "ರಾಮಿ." ಯಾರೂ ಉತ್ತರ ಕೊಡಲಿಲ್ಲ. ಮತ್ತೆ ಕೂಗಿದೆ. ರಾಮಕ್ಕ ಎದುರಿಗೇ ಕೂತಿದ್ದಾಳೆ, ನೀರು ಕೊತಕೊತ ಕುದಿಯುತ್ತಿದೆ, ಅವಳ ಎರಡೂ ಕೈ ಮಡಿಲಲ್ಲಿವೆ. "ಏಮಪ್ಪಾ, ರಾಮಿ ಎವರು? ನಾ ಪೇರು ರಾಮಕ್ಕ" ಎಂದು ತೆಲುಗಿನಲ್ಲಿ ಅಂದಳು. ಆ ರಾಮಿ ಯಾರೋ ನನಗೆ ಗೊತ್ತಿಲ್ಲ ಅನ್ನುವ ಹಾಗೆ. ನಾನು "ರಾಮಕ್ಕ" ಅನ್ನುವವರೆಗೂ ಅವಳ ಕೈ ನೀರಿಗೆ ಇಳಿಯಲಿಲ್ಲ.

ನಮ್ಮ ಕಡೆ ಹೆಸರಿಗೊಂದು ಬಾಲ ಇರಲೇಬೇಕು. ಮೂರು ವರ್ಷದ ಮಗುವನ್ನೂ "ಬಾಪ್ಪ", "ಬಾಮ್ಮ" ಎಂದೇ ಕರೆಯುತ್ತೇವೆ. ಬಾಲ ಕತ್ತರಿಸಿ ಕರೆದರೆ ಕೇಳಿದವರಿಗೆ ಮೈ ಉರಿಯುತ್ತದೆ. ಅವತ್ತಿನಿಂದ ಹಾಜರಿಯನ್ನು ಪುಸ್ತಕದ ಪ್ರಕಾರ ಓದದೆ ಊರಿನ ಪ್ರಕಾರ ಕೂಗಿದೆ. ಎಲ್ಲರ ಹೆಸರಿಗೂ ಅಪ್ಪ, ಅಮ್ಮ, ಅಕ್ಕ, ಅಣ್ಣ. ನೂರ್ಜಾನ್ ಎಂಬ ಹುಡುಗಿ ಸೇರಿದಾಗ ಅವಳನ್ನೂ ನೂರ್ಜಾನಮ್ಮ ಮಾಡಿದೆ. ಅವಳು ನಕ್ಕು ಒಪ್ಪಿಕೊಂಡಳು. ನನ್ನ ಹಾಜರಿ ಸುತ್ತಮುತ್ತ ಹೆಸರುವಾಸಿಯಾಗಿತ್ತು. ನನಗೂ ಅದರ ಜಂಬ ಇತ್ತು.

ಚರಕ ಹೋಗಿ ಆಟೋಮ್ಯಾಟಿಕ್ ಮಿಷಿನ್ ಬಂತು. ನಡುವೆ ನನಗೆ ಕೊಟ್ಟ ಹುದ್ದೆಗಳ ಪಟ್ಟಿ ಓದಿ ನಿಮಗೇನೂ ಆಗಬೇಕಾದ್ದಿಲ್ಲ. ಮಿಷಿನ್ ಬಂದಮೇಲೂ ಎಳೆ ಕಡಿದಾಗ ಗಂಟು ಹಾಕುವುದು ಕೈಯೇ. ಗಂಟು ಉಬ್ಬಿದರೆ ಮಗ್ಗದಲ್ಲಿ ಸಿಕ್ಕಿಕೊಳ್ಳುತ್ತದೆ, ಕೊಂಡವರು ಲಾಟು ವಾಪಸ್ ಕಳಿಸುತ್ತಾರೆ. ಮೂರನೆಯ ಮಿಷಿನ್ನಿನ ನೂಲು ಮಾತ್ರ ಎಂದೂ ವಾಪಸ್ ಬಂದದ್ದಿಲ್ಲ. ಅದನ್ನು ನೋಡಿಕೊಳ್ಳುತ್ತಿದ್ದದ್ದು ದಿಬ್ಬೂರಹಳ್ಳಿ ಕಡೆಯ ಮುನಿಯಪ್ಪ. ಮನೆಯಲ್ಲಿ ತಾಯಿ ಚರಕ ಇಟ್ಟಿದ್ದರಂತೆ, ಕೆಲಸ ಕಲಿತೇ ಬಂದಿದ್ದ. ಆ ಕೈ ಹಾಕಿದ ಗಂಟನ್ನು ನಾನು ಕನ್ನಡಕ ಏರಿಸಿ ಹುಡುಕಿದರೂ ಸಿಗುತ್ತಿರಲಿಲ್ಲ. ಪಕ್ಕದ ಮಿಷಿನ್ನಿನವರು ಸಿಕ್ಕು ಬಿದ್ದರೆ ನನ್ನ ಹತ್ತಿರ ಬರುತ್ತಿರಲಿಲ್ಲ, ಅಲ್ಲಿಗೇ ಓಡುತ್ತಿದ್ದರು.

ಐದು ವರ್ಷ ಹೀಗೆ ನಡೆಯಿತು. ಆಮೇಲೆ ಮುನಿಯಪ್ಪನ ಎರಡು ತಿಂಗಳ ರಜೆ. ರಜೆ ಮುಗಿಸಿ ಬಂದಾಗ ಹಸಿರು ಚೂಡಿದಾರ, ಹಣೆಯಲ್ಲಿ ಬೊಟ್ಟು, ಜಡೆ ಹಾಕುವಷ್ಟು ಬೆಳೆಯದ ಕೂದಲಿಗೆ ಒಂದು ಕ್ಲಿಪ್ಪು. ಇಲ್ಲಿಂದ ಮುಂದೆ ಅವಳು ಎಂದೇ ಬರೆಯುತ್ತೇನೆ. ಆವಾಗಲೇ ಹಾಗೆ ಅನ್ನಬೇಕಿತ್ತು.

ಅವಳು ನೇರ ನನ್ನ ಮೇಜಿಗೆ ಬಂದು ಹಾಜರಿ ಪುಸ್ತಕದ ಮೇಲೆ ಬೆರಳಿಟ್ಟಳು.

"ಸಾ, ಒಂದು ಒತ್ತಕ್ಷರ ತಿದ್ದಬೇಕಿತ್ತು."

"ಏನು?"

"ಇಲ್ಲಿ ಪ್ಪ ಇದೆಯಲ್ಲ, ಅದನ್ನ ಮ್ಮ ಮಾಡಿ ಸಾ. ಹೆಸ್ರು ಪೂರ್ತಿ ಬದಲಾಯ್ಸಲ್ಲ. ಮುನೇಶ್ವರನಿಗೆ ಹರಕೆ ಹೊತ್ಕೊಂಡು ಅಜ್ಜಿ ಇಟ್ಟಿದ್ದು. ದೇವ್ರು ಅವನೇ ಇರ್ಲಿ, ಬಾಲ ಮಾತ್ರ ನಂದು."

ನನಗೆ ನಗು ಬಂತು, ಭಯವೂ ಆಯಿತು. "ರೆಕಾರ್ಡು ಏನಾದ್ರೂ ಇದೆಯಾ?" ಎಂದೆ. "ಇನ್ನೂ ಇಲ್ಲ ಸಾ, ಮಾಡಿಸ್ಬೇಕು." "ಮಾಡಿಸ್ಕೊಂಡು ಬಾ, ನೋಡಣ" ಎಂದೆ. ಯಾರನ್ನು ಕೇಳಬೇಕು, ಎಲ್ಲಿಗೆ ಹೋಗಬೇಕು, ಎಷ್ಟು ದಿನ ರಜೆ ಬೇಕು, ಒಂದೂ ಹೇಳಲಿಲ್ಲ. ನನಗೂ ಗೊತ್ತಿರಲಿಲ್ಲ, ತಿಳಿದುಕೊಳ್ಳುವ ಮನಸ್ಸೂ ಮಾಡಲಿಲ್ಲ.

ಸಾಹೇಬರಿಗೆ ವಿಷಯ ಮುಟ್ಟಿಸಿದೆ. "ಕೆಲ್ಸ ಹೇಗಿದೆ?" ಎಂದರು. "ಕೆಲಸಕ್ಕೇನು, ಬಂಗಾರ" ಎಂದೆ. "ಮತ್ತೇನು? ತಡೀಬೇಡ" ಎಂದರು. ನನಗೆ ಸಮಾಧಾನವಾಯಿತು. ಹೊರಗೆ ಬಂದು ನಾಲ್ಕು ಜನಕ್ಕೆ ಹೆಮ್ಮೆಯಿಂದ ಹೇಳಿಕೊಂಡೆ: ನಾವು ಯಾರನ್ನೂ ತಡೆದವರಲ್ಲ.

ಮಾರನೆಯ ಬೆಳಗ್ಗೆ ಹಾಜರಿ. ನಾರಾಯಣಪ್ಪ ಆಯಿತು, ನೂರ್ಜಾನಮ್ಮ ಆಯಿತು. ಮುಂದಿನ ಹೆಸರಿಗೆ ಬಂದಾಗ ಇಡೀ ಶೆಡ್ಡು ನನ್ನ ಬಾಯಿಯನ್ನೇ ನೋಡುತ್ತಿದೆ. ಅಪ್ಪ ಅಂದರೆ ಅವಳಿಗೆ ಬೇಜಾರು, ಅಮ್ಮ ಅಂದರೆ ಗಂಡಸರು ಕಿಸಕ್ಕನೆ ನಗುತ್ತಾರೆ. "ಮುನಿ" ಎಂದೆ. ಅಷ್ಟಕ್ಕೇ ನಿಲ್ಲಿಸಿದೆ. ಅವಳು ಕೈ ಎತ್ತಿದಳು. ಎಂಥ ಜಾಣತನದಿಂದ ಪಾರಾದೆ ಎಂದುಕೊಂಡೆ. ಬಾಲವಿಲ್ಲದ ಹೆಸರೇ ಇಲ್ಲದ ನನ್ನ ಹಾಜರಿಯಲ್ಲಿ ಅವಳದೊಂದು ಮೊಂಡು ಹೆಸರು ಉಳಿಯಿತು. ರಾಮಕ್ಕ ಆಗಲೇ ತೀರಿಕೊಂಡಿದ್ದಳು. ಇದ್ದಿದ್ದರೆ ಎದ್ದು ಬಂದು ನನ್ನ ಕಿವಿ ಹಿಂಡುತ್ತಿದ್ದಳು.

ಒಂದು ವರ್ಷ ಹೀಗೇ ಕಳೆಯಿತು. ಪ್ರತಿದಿನ ಮುನಿ, ಪ್ರತಿದಿನ ಎತ್ತಿದ ಕೈ. ಆಮೇಲೆ ಮೂರನೆಯ ಮಿಷಿನ್ನಿನಲ್ಲಿ ಎಳೆ ಕಡಿತ ಹೆಚ್ಚಾಯಿತು. ಮಧ್ಯಾಹ್ನವಾದರೆ ಅವಳು ಕಂಬ ಹಿಡಿದು ನಿಲ್ಲುತ್ತಿದ್ದಳು. ಏನು ತೊಂದರೆ ಅಂತ ಕೇಳುವ ಬದಲು ನಾನು ಮೆಮೊ ಬರೆದೆ. ಮೆಮೊ ಕಂಪ್ಯೂಟರಿನಲ್ಲಿ ತಯಾರಾಗುತ್ತದೆ, ಹೆಸರು ಅದೇ ತುಂಬುತ್ತದೆ. ಅವಳು ಕಾಗದ ಹಿಡಿದುಕೊಂಡು ಬಂದಳು.

"ಶ್ರೀ ಮುನಿಯಪ್ಪ ಅಂತ ಇದೆ ಸಾ."

"ರೆಕಾರ್ಡಲ್ಲಿ ಹಂಗೇ ಇರೋದು ಕಣಮ್ಮ... ಕಣ..." ನನ್ನ ನಾಲಿಗೆ ತೊದಲಿತು.

"ಕೂಗೋವಾಗ ಅರ್ಧ ಹೆಸ್ರು, ಬೈಯೋವಾಗ ಪೂರ್ತಿ ಹೆಸ್ರು. ಚೆನ್ನಾಗೈತೆ ಸಾ ನಿಮ್ಮ ಲೆಕ್ಕ" ಅಂದಳು. ದನಿ ಏರಿಸಲಿಲ್ಲ. ರುಜು ಹಾಕಿ ಕೊಟ್ಟು ಹೋದಳು.

ಅದೇ ತಿಂಗಳು ಬೆರಳಚ್ಚಿನ ಹಾಜರಿ ಮಿಷಿನ್ ಬಂತು. ಅದನ್ನು ಕೂರಿಸಲು ಬಂದ ಕಂಪನಿಯವನು ನಮ್ಮ ಹಳೆಯ ದಾಖಲೆಯಿಂದ ಎಲ್ಲರ ಹೆಸರು, ಫೋಟೋ ತೆಗೆದುಕೊಂಡು, "ಸಾರ್, ಏನಾದ್ರೂ ತಿದ್ದುಪಡಿ ಇದೆಯಾ?" ಎಂದು ಕೇಳಿದ. ನನ್ನ ಟೀ ಆರುತ್ತಿತ್ತು. "ಏನೂ ಇಲ್ಲ" ಎಂದೆ. ನನ್ನ ನೌಕರಿಯಲ್ಲಿ ಗೂಡು ಅಂಬಲಿ ಮಾಡಿದ್ದು ಸಣ್ಣ ತಪ್ಪು. ದೊಡ್ಡದು ಈ ಎರಡು ಪದ.

ಮೊದಲ ದಿನ ಗೇಟಿನಲ್ಲಿ ಉದ್ದ ಸಾಲು. ಬಿಸಿನೀರಲ್ಲಿ ವರ್ಷಗಟ್ಟಲೆ ಅದ್ದಿದ ಬೆರಳುಗಳಲ್ಲಿ ಗೆರೆ ಎಲ್ಲಿರುತ್ತದೆ? ಮಿಷಿನ್ ಯಾರನ್ನೂ ಗುರುತು ಹಿಡಿಯದೆ ಒದ್ದಾಡಿತು. ಅವಳ ಸರದಿ ಬಂತು. ಒಂದು ಸಲ ಒತ್ತಿದಳು, ಇಲ್ಲ. ಎರಡನೆಯ ಸಲವೂ ಇಲ್ಲ. ಸಾಲಿನಿಂದ ಯಾರೋ, "ಪಾಪ, ಮಿಷಿನ್ನಿಗೂ ಗೊತ್ತಾಗ್ತಿಲ್ಲ ಏನು ಅಂತ" ಅಂದ. ನಗು ಹರಡಿತು. ಮೂರನೆಯ ಸಲ ಒತ್ತಿದಾಗ ತೆರೆ ಹಸಿರಾಗಿ ಮುನಿಯಪ್ಪ ಎಂದು ದಪ್ಪ ಅಕ್ಷರ ಮೂಡಿತು. ಪಕ್ಕದಲ್ಲಿ, ಕೆಲಸಕ್ಕೆ ಸೇರಿದ ದಿನ ತೆಗೆದ ಮೀಸೆಯ ಫೋಟೋ. ಅದು ತೆರೆಯಿಂದ ಬೇಗ ಹೋಗಲೇ ಇಲ್ಲ.

ಅವಳು ನನ್ನ ಕಡೆ ನೋಡಿದಳು. ನಾನು ಕೈಯಲ್ಲಿದ್ದ ಪಟ್ಟಿ ನೋಡಿದೆ. ಅವಳು ಸಾಲಿನಿಂದ ಈಚೆ ಬಂದು ಗೇಟು ದಾಟಿ ನಡೆದುಬಿಟ್ಟಳು. "ನಿಲ್ಲಿಸ್ಲಾ ಸಾ?" ಎಂದು ಗೇಟಿನವನು ಕೇಳಿದ. "ಬೇಡ, ನಾವು ಯಾರನ್ನೂ ತಡೆಯಲ್ಲ" ಎಂದೆ. ನಾನು ಆಡಿದ ಮಾತು ನನ್ನ ಕಿವಿಗೇ ಹುಳಿಯಾಗಿ ಕೇಳಿಸಿತು.

ತಿಂಗಳೊಳಗೆ ಮೂರನೆಯ ಮಿಷಿನ್ನಿನ ಲಾಟು ವಾಪಸ್ ಬಂತು, ಗಂಟು ಜಾಸ್ತಿ ಎಂದು. ನೂರ್ಜಾನಮ್ಮ ಒಂದು ನೀರಿನ ಬಾಟಲಿ ತಂದು ನನ್ನ ಮೇಜಿನ ಮೇಲಿಟ್ಟಳು.

"ಇದು ಮುನಿಯಮ್ಮಂದು. ಬಿಟ್ಟೋಗಿದ್ಲು."

ಎಷ್ಟು ಸಲೀಸಾಗಿ ಅಂದಳು! "ನೀನು ಹಂಗೇ ಕರೀತಿದ್ಯಾ?" ಎಂದೆ.

"ಹೆಂಗಸರೆಲ್ಲಾ ಹಂಗೇ ಕರೀತಿದ್ವಿ ಮೇಸ್ತ್ರಿ. ನೀವು ಕೂಗಿದ್ಮೇಲೆ ಎಲ್ರ ಮುಂದೇನೂ ಕೂಗಣ ಅಂತ ಕಾಯ್ತಿದ್ವಿ. ಈ ಬಾಟ್ಲಿ ನೋಡಿ, ತುಂಬಿದ್ದು ತುಂಬಿದಂಗೇ ಐತೆ. ದಿನಾ ಹಿಂಗೇ. ಅಷ್ಟು ಹಬೆ ಮಧ್ಯ ನಿಂತ್ಕೊಂಡು ಗುಟುಕು ನೀರು ಕುಡೀತಿರ್ಲಿಲ್ಲ."

"ಯಾಕೆ?"

"ಕುಡಿದ್ರೆ ಯಾವ ಕಡೆ ಹೋಗ್ಬೇಕು? ಗಂಡಸರ ಕಡೆ ಹೋದ್ರೆ ಚೇಷ್ಟೆ. ನಮ್ಮ ಕಡೆ ಬಾ ಅಂದ್ವಿ. ಮೇಸ್ತ್ರಿ ಹೇಳಿಲ್ಲ, ನಾಳೆ ತಪ್ಪು ನನ್ನ ಮೇಲೆ ಬರುತ್ತೆ ಅಂತಿದ್ಲು. ಗೇಟಲ್ಲಿ ಮೈ ಚೆಕ್ ಮಾಡೋವಾಗ್ಲೂ ಹಂಗೇ. ಎಲ್ರೂ ಹೋಗೋವರ್ಗೂ ಕಾದು ಕೊನೇಲಿ ಹೋಗ್ತಿದ್ಲು. ನಿಮಗೆ ಕಾಣ್ಲಿಲ್ವಾ?"

ಕಂಡಿತ್ತು. ಅವರವರೇ ಹೊಂದಿಕೊಳ್ಳುತ್ತಾರೆ ಬಿಡು ಎಂದುಕೊಂಡಿದ್ದೆ. ಎಳೆ ಕಡಿದದ್ದು ಕೈಯ ತಪ್ಪಿನಿಂದಲ್ಲ, ನೀರಿಲ್ಲದೆ ತಲೆ ತಿರುಗಿ. ಅದಕ್ಕೆ ನಾನು ಮೆಮೊ ಕೊಟ್ಟಿದ್ದೆ. ಆ ಬಾಟಲಿಯನ್ನು ಎಲ್ಲಿಡಬೇಕೆಂದು ತೋಚದೆ ಇಡೀ ದಿನ ಮೇಜಿನ ಈ ತುದಿಯಿಂದ ಆ ತುದಿಗೆ ಸರಿಸುತ್ತಿದ್ದೆ.

ಸಾಹೇಬರು ಕರೆಸಿದರು. "ನೀವೇ ತಡೀಬೇಡ ಅಂದಿದ್ರಿ" ಎಂದು ನಾನೇ ಮೊದಲು ಬಾಯಿ ಹಾಕಿದೆ.

"ಅರೆ ಆಂಜಿನಪ್ಪ, ತಡೀಬೇಡ ಅಂದ್ರೆ ಮುಗೀತಾ? ನಾನೂ ಅಷ್ಟು ಹೇಳಿ ಕೈ ತೊಳ್ಕೊಂಡೆ, ನನ್ನದೂ ತಪ್ಪೇ. ಆದ್ರೆ ನೀನು ಆ ಶೆಡ್ಡಲ್ಲಿ ದಿನಾ ಇದ್ದೋನು. ಮತ್ತೆ ಹಬೆ ನೋಡಿ ಹದ ಹೇಳ್ದೆ. ಬೆರಳು ಹಾಕ್ಲಿಲ್ಲ." ಮೂವತ್ತು ವರ್ಷದ ಹಳೆಯ ಮಾತನ್ನು ಅವರು ಮರೆತಿರಲಿಲ್ಲ.

ನೂರ್ಜಾನಮ್ಮನನ್ನು ಜೊತೆ ಮಾಡಿಕೊಂಡು ಹುಡುಕಲು ಹೊರಟೆ. ಚಿಂತಾಮಣಿಯ ಪೇಟೆಯಲ್ಲಿ ಸಿಕ್ಕಳು. ತನ್ನಂಥವರೇ ಮೂರು ಜನರ ಜೊತೆ ಅಂಗಡಿಯಿಂದ ಅಂಗಡಿಗೆ ಹೋಗುತ್ತಿದ್ದಳು. ಪಾತ್ರೆ ಅಂಗಡಿಯ ಯಜಮಾನ ಗಲ್ಲಾ ಬಿಟ್ಟು ಎದ್ದು ಬಂದು ಅವಳ ಮುಂದೆ ತಲೆ ಬಗ್ಗಿಸಿದ. ವ್ಯಾಪಾರ ಚೆನ್ನಾಗಿ ಆಗಲಿ ಅಂತ ಅವಳು ಅವನ ತಲೆ ಮೇಲೆ ಕೈಯಿಟ್ಟು ಹರಸಿದಳು. ಎಳೆಯಲ್ಲಿ ಕಾಣದ ಹಾಗೆ ಗಂಟು ಹಾಕುವ ಕೈ ಅದು. ಆ ಕೈ ಹರಸಿದರೆ ಅಂಗಡಿಗೆ ಶುಭ, ಅದೇ ಕೈ ಅಂಗಡಿಯೊಳಗೆ ಬಂದು ಕೆಲಸ ಕೇಳಿದರೆ ಆ ಯಜಮಾನ ಏನನ್ನುತ್ತಾನೆ? ಅವನನ್ನು ಬೈದುಕೊಳ್ಳುತ್ತ ನಿಂತವನಿಗೆ, ಬೈಯಲು ನನಗೇನು ಯೋಗ್ಯತೆ ಇದೆ ಅಂತಲೂ ಅನ್ನಿಸಿತು.

ಅವಳು ಮುಂದಿನ ಅಂಗಡಿಗೆ ಹೊರಟಳು. ನಾನು ಹಿಂದಿನಿಂದ ಕೂಗಿದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಪೂರ್ತಿ ಹೆಸರನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಅಭ್ಯಾಸ.

"ಮುನಿ!"

ಅವಳು ತಿರುಗಿದಳು. ಕೋಪ ಕಾಣಲಿಲ್ಲ, ಸಣ್ಣಗೆ ನಕ್ಕಳು. "ಇಷ್ಟು ದೂರ ಬಂದ್ರಿ, ಬಾಲ ಮನೇಲೇ ಬಿಟ್ಟು ಬಂದ್ರಾ ಸಾ?" ಎಂದಳು. ಗುಂಪಿನವರು ಚಪ್ಪಾಳೆ ತಟ್ಟಿ ನಕ್ಕರು. ಎಲ್ಲ ಸರಿ ಮಾಡುತ್ತೇನೆ, ಬಾ ಎಂದೆ. "ಮೊದ್ಲು ಸರಿ ಮಾಡಿ ಸಾ, ಆಮೇಲೆ ನೋಡಣ" ಎಂದಳು. ನೋಡಣ! ನಾನು ಅವಳಿಗೆ ಹೇಳಿದ್ದೂ ಅದೇ ಮಾತು.

ಸರಿ ಮಾಡಲು ಶುರು ಮಾಡಿದೆವು. ಮಿಷಿನ್ನಿನಲ್ಲಿ ಕರೆಯುವ ಹೆಸರು ಹಾಕುವ ಜಾಗ ಮೊದಲಿನಿಂದಲೂ ಇತ್ತಂತೆ, ಕೇಳಿದವರಿಲ್ಲ ಅಷ್ಟೇ. ಚಿಲಕ ಹಾಕಿಕೊಳ್ಳಬಹುದಾದ, ಯಾರು ಬೇಕಾದರೂ ಹೋಗಬಹುದಾದ ಒಂದು ಶೌಚಾಲಯ ಕಟ್ಟಿಸಲು ಒಂದು ವಾರ ಸಾಕಾಯಿತು. ಗೇಟಿನಲ್ಲಿ ಯಾರು ತಪಾಸಣೆ ಮಾಡಬೇಕೆಂದು ಕೆಲಸಗಾರರೇ ಹೇಳಬಹುದು ಎಂದು ಚೀಟಿ ಅಂಟಿಸಿದೆವು. ಗೇಟಿನ ಸಾಲಿನಲ್ಲಿ ನಗೆಯಾಡಿದವನನ್ನು ಸಾಹೇಬರೇ ಕರೆಸಿ ಮಾತಾಡಿದರು. ಒಂದೂ ಕಷ್ಟದ ಕೆಲಸವಲ್ಲ. ಅದು ತಿಳಿದು ನನಗೆ ಇನ್ನಷ್ಟು ಸಂಕಟವಾಯಿತು.

ಆರು ತಿಂಗಳ ಮೇಲೆ ಅವಳೇ ಬಂದಳು. ಸೀರೆ ಉಟ್ಟಿದ್ದಳು, ಕೂದಲು ಜಡೆಗೆ ಬಂದಿತ್ತು. ಕೆಲಸಕ್ಕೆ ಬಂದಳೆಂದು ಎದ್ದು ನಿಂತೆ. ಅವಳು ಬಂದದ್ದು ಅನುಭವದ ಪತ್ರಕ್ಕೆ. ಚಿಂತಾಮಣಿ ರಸ್ತೆಯಲ್ಲಿ ಹೊಸದಾಗಿ ಶುರುವಾದ ಮಿಲ್ಲಿನವರು ಅವಳನ್ನು ಸೇರಿಸಿಕೊಂಡಿದ್ದರು. ಕಾಗದ ಬರುವವರೆಗೆ ಕಾಯಲಿಲ್ಲ, ಮೊದಲ ದಿನವೇ ಅವಳು ಹೇಳಿದ ಹೆಸರನ್ನೇ ಬರೆದುಕೊಂಡರಂತೆ. ಚಿಕ್ಕಬಳ್ಳಾಪುರದ ಕಚೇರಿಗೆ ಓಡಾಡಲು ರಜೆ ಕೊಟ್ಟು, ಅರ್ಜಿ ತುಂಬಿಸಿ, ಜೊತೆಗೊಬ್ಬರನ್ನು ಕಳಿಸಿ ಗುರುತಿನ ಚೀಟಿಯನ್ನೂ ಮಾಡಿಸಿಕೊಟ್ಟಿದ್ದರು. ಈಗ ಒಂದು ಸಾಲು ಮಿಷಿನ್ನುಗಳ ಉಸ್ತುವಾರಿ ಕೊಡುತ್ತಾರೆ, ಆರು ವರ್ಷದ ಅನುಭವಕ್ಕೆ ಹಳೆಯ ಮಿಲ್ಲಿನ ಪತ್ರ ಬೇಕು.

ಕಂಪ್ಯೂಟರಿನಲ್ಲಿ ಪತ್ರ ತೆಗೆದರೆ ಮತ್ತೆ ಅದೇ ಶ್ರೀ ಮುನಿಯಪ್ಪ. ಹಳೆಯ ವರ್ಷಗಳ ದಾಖಲೆಯನ್ನು ನಾವು ತಿದ್ದಿರಲಿಲ್ಲ.

"ಇದು ಕೊಟ್ರೆ ಆಗಲ್ಲ ಸಾ" ಎಂದಳು. ಕಾಗದವನ್ನು ನನ್ನ ಕಡೆ ತಳ್ಳಿದಳು. "ಆ ಆರು ವರ್ಷ ಇನ್ಯಾರ್ದೋ ಆಗೋಗುತ್ತೆ. ಅಷ್ಟು ವರ್ಷ ಬಿಸಿನೀರಲ್ಲಿ ಕೈ ಇಟ್ಟೋಳು ನಾನು ಸಾ."

ಸಾಹೇಬರು ಊರಲ್ಲಿರಲಿಲ್ಲ. ಫೋನು ಮಾಡಿದೆ. ರೆಕಾರ್ಡು ಒಂದು ಹೇಳುತ್ತದೆ, ನಾನು ಇನ್ನೊಂದು ಬರೆದು ರುಜು ಹಾಕಿದರೆ ನಾಳೆ ಯಾರಾದರೂ ಕೇಳಿದರೆ ಎಂದು ಗೊಣಗಿದೆ. ಆ ಕಡೆಯಿಂದ ಒಂದೇ ಮಾತು ಬಂತು: "ಬೆರಳು ಹಾಕು ಆಂಜಿನಪ್ಪ."

ಮಿಲ್ಲಿನ ಹೆಸರಿನ ಹಾಳೆ ತೆಗೆದು ಕೈಯಲ್ಲೇ ಬರೆದೆ. ಮುನಿ ಎಂದು ಬರೆದಾಗ ಪೆನ್ನು ನಿಂತಿತು. ಒಂದು ವರ್ಷ ನನ್ನ ಬಾಯಿ ನಿಂತ ಜಾಗ ಅದು. ಅವಳು ಹಾಳೆಯನ್ನೇ ನೋಡುತ್ತಿದ್ದಳು. ಯ ಬರೆದೆ, ಮ ಬರೆದೆ, ಅದಕ್ಕೆ ಒತ್ತು ಕೊಟ್ಟೆ. ಮುನಿಯಮ್ಮ ಅವರು ನಮ್ಮಲ್ಲಿ ಆರು ವರ್ಷ ಕೆಲಸ ಮಾಡಿದ್ದಾರೆ, ಅವರ ಕೈಯ ನೂಲು ಎಂದೂ ವಾಪಸ್ ಬಂದಿಲ್ಲ. ಓದಿದಳು, ಮಡಿಚಿದಳು. "ಬರ್ತೀನಿ ಸಾ" ಎಂದು ಹೋದಳು. ಅವಳ ಹೆಸರನ್ನು ನಾನು ಪೂರ್ತಿ ಬರೆದದ್ದು ಒಂದೇ ಸಲ. ನಮ್ಮ ಅತ್ಯುತ್ತಮ ಕೈಯನ್ನು ಇನ್ನೊಂದು ಮಿಲ್ಲಿಗೆ ಕಳಿಸಿಕೊಟ್ಟ ಪತ್ರದಲ್ಲಿ.

ಹೊಸಬರೇ, ನಿಮ್ಮ ಶೆಡ್ಡಿಗೂ ಯಾರಾದರೂ ಬಂದು ಒಂದು ಒತ್ತಕ್ಷರ ತಿದ್ದಿ ಎಂದು ಕೇಳಬಹುದು. ನಾವು ಯಾರನ್ನೂ ತಡೆಯುವುದಿಲ್ಲ ಎಂದು ಎದೆ ಉಬ್ಬಿಸಬೇಡಿ. ಅದು ಬಾಗಿಲು ತೆಗೆದಿಟ್ಟು ದೀಪ ಆರಿಸಿದ ಹಾಗೆ. ಕಾಗದ ತಾನಾಗಿ ಬರಲಿ ಎಂದು ಕಾಯಬೇಡಿ, ಜೊತೆಗೆ ಹೋಗಿ ಮಾಡಿಸಿಕೊಡಿ. ಅವರ ನೀರಿನ ಬಾಟಲಿ ಸಂಜೆಗೆ ಖಾಲಿಯಾಗಿದೆಯೋ ನೋಡಿ. ದಾನಧರ್ಮ ಅಂತಲ್ಲ, ಮಿಲ್ಲು ನಿಂತಿರುವುದು ಕೈಗಳ ಮೇಲೆ. ನೀವು ಉಳಿಸಿಕೊಳ್ಳದ ಕೈಯನ್ನು ಪಕ್ಕದ ಮಿಲ್ಲಿನವರು ಹಿಡಿದುಕೊಳ್ಳುತ್ತಾರೆ. ಹೆಸರು ಕೂಗುವವರು ಮೊದಲು ಕೂಗಿಬಿಡಿ. ಉಳಿದವರು ನಿಮ್ಮ ಬಾಯಿ ನೋಡುತ್ತ ಕಾಯುತ್ತಿರುತ್ತಾರೆ.

ಇಷ್ಟು ಬರೆದು ಮುಗಿಸಿ ಎರಡು ವಾರವಾಗಿತ್ತು. ಸಮಾಧಾನವಾಗಲಿಲ್ಲ. ಮೊನ್ನೆ ಬೆಳಗ್ಗೆ ಮನೆಯವಳಿಗೆ ಹೇಳದೆ ಚಿಂತಾಮಣಿ ಬಸ್ಸು ಹತ್ತಿದೆ. ಆ ಹೊಸ ಮಿಲ್ಲಿನ ಕಾಂಪೌಂಡಿನ ಹೊರಗೆ ನಿಂತೆ. ಒಳಗೆ ಹಾಜರಿ ನಡೆಯುತ್ತಿತ್ತು. ಬೆರಳ ಗೆರೆ ಹಿಡಿಯದ ಮಿಷಿನ್ನನ್ನು ಅವರು ಮೂಲೆಗಿಟ್ಟಿರಬೇಕು, ಬಾಯಲ್ಲೇ ಕೂಗುತ್ತಿದ್ದರು. ದನಿ ಅವಳದೇ. ಲಕ್ಷ್ಮೀದೇವಮ್ಮ. ಶಿವಪ್ಪ. ಮೆಹಬೂಬಣ್ಣ. ರೂಪಮ್ಮ. ಒಂದು ಬಾಲವನ್ನೂ ಬಿಡದೆ, ನಾನು ಕೂಗುತ್ತಿದ್ದ ಹಾಗೆಯೇ, ಕೊನೆಯ ಅಕ್ಷರವನ್ನು ಸ್ವಲ್ಪ ಎಳೆದು. ಕಲಿತದ್ದು ನನ್ನಿಂದಲೇ.

ಪಟ್ಟಿ ಮುಗಿಯಿತು. ಕೊನೆಗೆ ಅವಳು ತನ್ನ ಹೆಸರನ್ನೂ ಕೂಗಿದಳು. "ಮುನಿಯಮ್ಮ."

"ಬಂದವ್ರೆ!" ಎಂದು ಇಡೀ ಶೆಡ್ಡು ಒಟ್ಟಿಗೆ ಕೂಗಿತು. ಅದು ಅಲ್ಲಿನ ದಿನನಿತ್ಯದ ತಮಾಷೆ ಇರಬೇಕು, ಎಲ್ಲರೂ ನಕ್ಕರು, ಅವಳೂ ನಕ್ಕಳು. ಗೋಡೆಯ ಈಚೆ ನಿಂತು ಬಂದವ್ರೆ ಎನ್ನಲು ನಾನೂ ಬಾಯಿ ತೆರೆದೆ, ಹಾಗೇ ಮುಚ್ಚಿಕೊಂಡೆ. ಆ ಹಾಜರಿಯಲ್ಲಿ ನನ್ನ ಹೆಸರು ಇರಲಿಲ್ಲ.